ಸ್ವಂತ ಉದ್ಯಮಕ್ಕೆ ಎಂಥ ಮನಸ್ಸು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಉದ್ಯಮ ಶುರು ಮಾಡಬೇಕು ಅಂತ ಬರುವವರು ಮೊದಲು ಕೇಳುವುದು ಬಂಡವಾಳದ ಬಗ್ಗೆ, ಲೈಸೆನ್ಸ್ ಬಗ್ಗೆ, ತೆರಿಗೆ ಬಗ್ಗೆ. ಮನಸ್ಸಿನಲ್ಲಿರುವ ಪ್ರಶ್ನೆ ಹೊರಗೆ ಬರುವುದು ಎದ್ದು ಹೊರಡುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತಾ: "ಅಲ್ಲ ಸರ್, ಇದು ನನ್ನ ಕೈಲಿ ಆಗುತ್ತಾ?" ಇಲ್ಲಿರುವುದೆಲ್ಲ ಬಾಗಿಲ ಬಳಿ ಬಂದ ಪ್ರಶ್ನೆಗಳು. ನಾನು ಒಂದು ಉದ್ಯಮ ಮುಚ್ಚಿದವನು, ಇನ್ನೊಂದನ್ನು ನಡೆಸುತ್ತಿರುವವನು. ಹಾಗಾಗಿ ಉತ್ತರಗಳಲ್ಲಿ ನನ್ನ ಪಕ್ಷಪಾತ ಇದ್ದೇ ಇದೆ.

ಉದ್ಯಮಿಯ ಗುಣ ಹುಟ್ಟಿನಿಂದ ಬರುತ್ತದೋ, ಕಲಿತರೆ ಬರುತ್ತದೋ?

"ವ್ಯಾಪಾರ ರಕ್ತದಲ್ಲೇ ಇರಬೇಕು" ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ವ್ಯಾಪಾರಸ್ಥರ ಮನೆಯಲ್ಲಿ ಬೆಳೆದವರಿಗೆ ಒಂದು ಅನುಕೂಲ ಇರುವುದು ನಿಜ. ದುಡ್ಡು ಕೇಳುವುದಕ್ಕೆ ಅವರಿಗೆ ನಾಚಿಕೆಯಿಲ್ಲ, ಬಾಕಿ ವಸೂಲಿ ಹೇಗೆ ಮಾಡುತ್ತಾರೆಂದು ಚಿಕ್ಕಂದಿನಿಂದ ನೋಡಿರುತ್ತಾರೆ. ಆದರೆ ಅದು ರಕ್ತದಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು.

ಇದನ್ನು ಪರೀಕ್ಷೆ ಮಾಡಿಯೇ ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲ್ಯಾಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಸ್ಥರಿಗೆ ತರಬೇತಿ ಏರ್ಪಡಿಸಿದರು. ಅಲ್ಲಿ ಒತ್ತು ಇದ್ದದ್ದು ಲೆಕ್ಕಪತ್ರದ ಮೇಲಲ್ಲ. ಗುರಿ ಇಟ್ಟುಕೊಳ್ಳುವುದು ಹೇಗೆ, ಅಡ್ಡಿ ಬಂದಾಗ ಯೋಚಿಸುವುದು ಹೇಗೆ ಎಂಬುದರ ಮೇಲೆ. ತರಬೇತಿ ಪಡೆದವರು ಮುಂದೆ ಹೊಸ ಕೆಲಸಗಳಿಗೆ ಕೈಹಾಕಿದ್ದು, ಪಡೆಯದವರಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು.

ಇನ್ನೂ ಗಟ್ಟಿಯಾದ ಸಾಕ್ಷಿ ಬಂದದ್ದು 2017ರಲ್ಲಿ, ಪಶ್ಚಿಮ ಆಫ್ರಿಕಾದ ಟೋಗೋ ದೇಶದಿಂದ. 1,500 ಸಣ್ಣ ಉದ್ಯಮಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ವ್ಯಾಪಾರ ತರಬೇತಿ: ಲೆಕ್ಕ, ಮಾರುಕಟ್ಟೆ, ಹಣಕಾಸು. ಇನ್ನೊಂದು ಗುಂಪಿಗೆ ಕಲಿಸಿದ್ದು ಮುಂದಾಗಿ ಕೆಲಸ ಮಾಡುವ ಮನೋಭಾವ, ಅಂದರೆ ಯಾರೂ ಹೇಳುವ ಮೊದಲೇ ಶುರು ಮಾಡುವುದು, ಪಕ್ಕದವನನ್ನು ನಕಲು ಮಾಡದೆ ಬೇರೆಯದನ್ನು ಹುಡುಕುವುದು, ತೊಂದರೆ ಬರುವ ಮೊದಲೇ ಅದಕ್ಕೆ ದಾರಿ ಯೋಚಿಸಿಟ್ಟುಕೊಳ್ಳುವುದು. ಮೂರನೆಯ ಗುಂಪಿಗೆ ಏನೂ ಇಲ್ಲ. ಮುಂದಿನ ಎರಡು ವರ್ಷಗಳಲ್ಲಿ, ಏನೂ ಕಲಿಯದ ಗುಂಪಿಗೆ ಹೋಲಿಸಿದರೆ ಮನೋಭಾವ ಕಲಿತವರ ಲಾಭ ಸುಮಾರು 30 ಪ್ರತಿಶತ ಹೆಚ್ಚಿತ್ತು. ಮಾಮೂಲಿ ತರಬೇತಿ ಪಡೆದವರಲ್ಲಿ ಕಂಡ ಹೆಚ್ಚಳ 11 ಪ್ರತಿಶತ ಮಾತ್ರ, ಅದೂ ಖಚಿತವಾಗಿ ತರಬೇತಿಯಿಂದಲೇ ಬಂತು ಎನ್ನುವ ಹಾಗಿರಲಿಲ್ಲ. ತರಗತಿ ನಡೆದದ್ದು ಒಟ್ಟು 36 ಗಂಟೆ. ಮೂವತ್ತಾರು ಗಂಟೆಯಲ್ಲಿ ಯಾರ ರಕ್ತವೂ ಬದಲಾಗುವುದಿಲ್ಲ.

ಹಾಗಾಗಿ ಈ ಪುಟದಲ್ಲಿ "ಗುಣ" ಅಂತ ನಾನು ಎಲ್ಲೇ ಬರೆದರೂ, ಅಭ್ಯಾಸ ಎಂದೇ ಓದಿಕೊಳ್ಳಿ.

ನನಗೆ ರಿಸ್ಕ್ ಅಂದರೆ ಭಯ. ನಾನು ಇದಕ್ಕೆ ತಕ್ಕವನಲ್ಲವೇ?

ಭಯ ಇದ್ದರೆ ಒಳ್ಳೆಯದೇ. ಉದ್ಯಮಿ ಅಂದರೆ ಜೂಜುಕೋರ ಎನ್ನುವ ಚಿತ್ರ ಸಿನಿಮಾದಿಂದ ಬಂದದ್ದು.

ಅದೇ ಮೆಕ್‌ಕ್ಲೆಲ್ಯಾಂಡ್ ಅವರ ಹೆಸರಿನ ಜೊತೆಗೇ ಬರುವ ಒಂದು ಆಟವಿದೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ರಿಂಗುಗಳು. ಎಷ್ಟು ದೂರದಿಂದ ಬೇಕಾದರೂ ಎಸೆಯಬಹುದು. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕಿದರು. ಕೆಲವರು ತೀರಾ ದೂರ ನಿಂತು, ಬಿದ್ದರೆ ಬೀಳಲಿ ಅಂತ ಎಸೆದರು. ಸಾಧಿಸುವ ಹಂಬಲ ಹೆಚ್ಚಿದ್ದವರು ನಿಂತದ್ದು ನಡುವೆ: ಕಷ್ಟ ಹೌದು, ಆದರೆ ಕೈ ಪಳಗಿಸಿಕೊಂಡರೆ ಆಗುವಂಥ ದೂರ.

ಸರಸ್ ಸರಸ್ವತಿ ಎಂಬ ಸಂಶೋಧಕಿ 27 ಮಂದಿ ನುರಿತ ಉದ್ಯಮಿಗಳ ಮುಂದೆ ಒಂದೇ ಕಾಲ್ಪನಿಕ ಉತ್ಪನ್ನವನ್ನಿಟ್ಟು, ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದರು. "ಇದರಲ್ಲಿ ಎಷ್ಟು ಬರಬಹುದು" ಎಂಬಲ್ಲಿಂದ ಹೊರಡುವುದು ಪುಸ್ತಕದ ಕ್ರಮ. ಇವರು ಹೊರಟದ್ದು "ಎಷ್ಟು ಹೋದರೆ ನಾನು ತಡೆದುಕೊಳ್ಳಬಲ್ಲೆ" ಎಂಬಲ್ಲಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ನಾವು ಆಸೆ ಮೊಟಕು ಮಾಡಿಕೋ ಎನ್ನುವ ಅರ್ಥದಲ್ಲೇ ಬಳಸುತ್ತೇವೆ. ಇವರು ಅದನ್ನೇ ಹಾಸಿಗೆ ಅಳೆಯುವ ಬುದ್ಧಿಯಾಗಿ ಬಳಸಿದರು. ಎಷ್ಟು ದುಡ್ಡು, ಎಷ್ಟು ತಿಂಗಳು, ಎಷ್ಟು ಮಾನ, ಮೂರನ್ನೂ ಅಳೆದುಕೊಳ್ಳಿ. ಮೂರನೆಯದನ್ನು ಜನ ಅಳೆಯುವುದೇ ಇಲ್ಲ. ನನ್ನ ಮೊದಲ ಉದ್ಯಮ ಮುಳುಗುವಾಗ ದುಡ್ಡು ಹೋದ ನೋವಿಗಿಂತ, ಸಾಲ ಕೊಟ್ಟ ಗೆಳೆಯನ ಫೋನ್ ಬಂದಾಗ ಎತ್ತದೆ ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದೆನಲ್ಲ, ಅದು ಹೆಚ್ಚು ದಿನ ಕಾಡಿತು.

ಹಾಗಾದರೆ ನೌಕರಿ ಬಿಟ್ಟೇ ಶುರು ಮಾಡಬೇಕು ಎನ್ನುವುದು?

ಬಿಡಬೇಕಿಲ್ಲ. ಅಮೆರಿಕದ ಐದು ಸಾವಿರಕ್ಕೂ ಹೆಚ್ಚು ಉದ್ಯಮಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸ ಇಟ್ಟುಕೊಂಡೇ ಶುರು ಮಾಡಿದವರ ಉದ್ಯಮ ಮುಚ್ಚಿಹೋಗುವ ಸಾಧ್ಯತೆ, ಮೊದಲೇ ರಾಜೀನಾಮೆ ಕೊಟ್ಟವರಿಗಿಂತ 33 ಪ್ರತಿಶತ ಕಡಿಮೆಯಿತ್ತು. ನೈಕಿ ಕಂಪನಿಯ ಫಿಲ್ ನೈಟ್ 1964ರಲ್ಲಿ ಶೂ ಮಾರಲು ಶುರು ಮಾಡಿ, 1969ರವರೆಗೂ ಮೊದಲು ಅಕೌಂಟೆಂಟ್ ಆಗಿ, ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದರು. ಆ್ಯಪಲ್ ಹುಟ್ಟಿದ ಮೇಲೂ ಅದರ ಸಹಸಂಸ್ಥಾಪಕ ಸ್ಟೀವ್ ವೋಜ್ನಿಯಾಕ್ ಕೆಲವು ತಿಂಗಳು ಎಚ್‌ಪಿ ಕಂಪನಿಯ ನೌಕರಿಯಲ್ಲೇ ಇದ್ದರು.

ಒಂದು ಎಚ್ಚರಿಕೆ: ಸಂಬಳ ಕೊಡುವವರ ಸಮಯದಲ್ಲಿ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಕೆಲಸ ಬೇಡ. ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂದು ಓದಿಕೊಳ್ಳಿ.

ವಯಸ್ಸಾಯಿತು, ತಡವಾಯಿತೇ?

ಇಲ್ಲ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದು ಎನ್ನುವಂಥ ಹೊಸ ಕಂಪನಿಗಳ ಸಂಸ್ಥಾಪಕರ ಸರಾಸರಿ ವಯಸ್ಸು, ಶುರು ಮಾಡಿದಾಗ, 45. ಇಪ್ಪತ್ತರ ಹುಡುಗರು ಪತ್ರಿಕೆಯ ಮುಖಪುಟಕ್ಕೆ ಚೆಂದ ಕಾಣುತ್ತಾರೆ, ಅಷ್ಟೆ.

ನನ್ನ ಹತ್ತಿರ ದೊಡ್ಡ ಐಡಿಯಾ ಇಲ್ಲ. ಏನು ಮಾಡಲಿ?

ಐಡಿಯಾ ಹೊಳೆಯುವುದನ್ನು ಕಾಯುತ್ತಾ ಕೂತವರಿಗಿಂತ, ಯಾವುದೋ ಕೆಲಸ ಮಾಡುತ್ತಾ ಪಕ್ಕದಲ್ಲಿ ಬಿದ್ದಿದ್ದನ್ನು ಕಂಡುಕೊಂಡವರೇ ಹೆಚ್ಚು ಎಂದು ನನಗನ್ನಿಸುತ್ತದೆ. ಸ್ಟುವರ್ಟ್ ಬಟರ್‌ಫೀಲ್ಡ್ ಮತ್ತು ಜೊತೆಗಾರರು ಒಂದು ಆನ್‌ಲೈನ್ ಆಟ ಕಟ್ಟಲು ಹೋದರು. ಆಟ ನಡೆಯಲಿಲ್ಲ. ಅದರಿಂದ ಹೊರಬಂದ ಫೋಟೋ ಹಂಚುವ ಸೌಲಭ್ಯ 2004ರಲ್ಲಿ ಫ್ಲಿಕರ್ ಆಯಿತು. ಆ ಮನುಷ್ಯ ಬುದ್ಧಿ ಕಲಿಯದೆ ಮತ್ತೊಂದು ಆಟ ಕಟ್ಟಿದರು. ಗ್ಲಿಚ್ ಎಂಬ ಅದನ್ನು 2012ರಲ್ಲಿ ಮುಚ್ಚಿದರು. ಆದರೆ ಬೇರೆ ಬೇರೆ ಊರುಗಳಲ್ಲಿದ್ದ ಅವರ ತಂಡ ಒಳಗೊಳಗೇ ಮಾತಾಡಿಕೊಳ್ಳಲು ಒಂದು ಸಾಧನ ಮಾಡಿಕೊಂಡಿತ್ತಲ್ಲ, ಅದೇ ಸ್ಲ್ಯಾಕ್. ಇಲ್ಲಿ ಮೆಚ್ಚಬೇಕಾದದ್ದು ಕಲ್ಪನೆಯನ್ನಲ್ಲ. ಆಟ ಹೋಯಿತು ಎಂದು ಒಪ್ಪಿಕೊಂಡ ದಿನವೇ, ಉಳಿದದ್ದರಲ್ಲಿ ಬೆಲೆ ಇರುವುದು ಯಾವುದು ಎಂದು ತಡಕಿದರಲ್ಲ, ಆ ಕಣ್ಣನ್ನು.

ಎಲ್ಲರೂ "ಚೆನ್ನಾಗಿದೆ" ಅಂದರು, ಆದರೆ ಯಾರೂ ಕೊಳ್ಳಲಿಲ್ಲ. ಯಾಕೆ?

ಎಲ್ಲ ಪ್ರಶ್ನೆಗಳಿಗಿಂತ ಇದೇ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಾಕಿ ಲೆಕ್ಕ ಇಡುವ ಆ್ಯಪ್ ಮಾಡಿದ್ದ ಒಬ್ಬ ಹುಡುಗನ ಜೊತೆ ಒಂದು ಸಣ್ಣ ವರ್ಕ್‌ಶಾಪಿಗೆ ಹೋಗಿದ್ದೆ. ಅವನು ಫೋನ್ ಮುಂದೆ ಹಿಡಿದು ಹತ್ತು ನಿಮಿಷ ತೋರಿಸಿದ.

"ಹೇಗಿದೆ ಸರ್?"

"ಚೆನ್ನಾಗಿದೆಯಪ್ಪ. ಒಳ್ಳೇ ಕೆಲಸ ಮಾಡಿದ್ದೀಯ."

"ತಗೋತೀರಾ?"

"ನೋಡೋಣ."

ಹುಡುಗ ಖುಷಿಯಾಗಿ ಹೊರಗೆ ಬಂದ. ನಮ್ಮ ಭಾಷೆಯಲ್ಲಿ "ನೋಡೋಣ" ಅಂದರೆ ಏನೆಂದು ಅವನಿಗೂ ಗೊತ್ತು, ಮದುವೆಗೆ ಕರೆದಾಗ ಅವನೂ ಹಾಗೇ ಹೇಳುತ್ತಾನೆ. ತನ್ನ ಆ್ಯಪಿನ ವಿಷಯ ಬಂದಾಗ ಮಾತ್ರ ಅದು ಮರೆತುಹೋಯಿತು.

ವಾರ ಬಿಟ್ಟು ಮತ್ತೆ ಹೋದೆವು. ಈ ಸಲ ಫೋನ್ ಜೇಬಿನಲ್ಲೇ ಇರಲಿ ಎಂದಿದ್ದೆ. ಹುಡುಗ ಕೇಳಿದ: "ಹೋದ ತಿಂಗಳು ಯಾರಿಂದ ಎಷ್ಟು ಬರಬೇಕು ಅಂತ ಹೇಗೆ ಲೆಕ್ಕ ಇಟ್ಟಿರಿ?" ಯಜಮಾನರು ಡ್ರಾಯರ್ ಎಳೆದು ರಬ್ಬರ್ ಬ್ಯಾಂಡ್ ಹಾಕಿದ ಒಂದು ಉದ್ದನೆ ನೋಟ್‌ಬುಕ್ ತೆಗೆದರು. ಪೆನ್ಸಿಲ್‌ನಲ್ಲಿ ಬರೆದ ಅಂಕಿಗಳು, ಎಣ್ಣೆ ಕೈಯ ಗುರುತು, ಪುಟಗಳ ನಡುವೆ ಮಡಚಿಟ್ಟ ಬಿಲ್‌ಗಳು. ತಿರುವಿ ಹಾಕುತ್ತಾ ಒಂದು ಕಡೆ ನಿಂತರು. "ನೋಡು, ಇದು ಬಿಟ್ಟೇ ಹೋಗಿದೆ. ಮೂರು ತಿಂಗಳಾಯಿತು." ಆಮೇಲೆ ಅವರೇ ಮಾತಾಡುತ್ತಾ ಹೋದರು. ಅವರ ಕಷ್ಟ ಲೆಕ್ಕ ಬರೆಯುವುದರಲ್ಲಿ ಇರಲಿಲ್ಲ. ಹಳೇ ಗಿರಾಕಿಗೆ ಫೋನ್ ಮಾಡಿ ಬಾಕಿ ಕೇಳುವ ಮುಜುಗರದಲ್ಲಿತ್ತು. ಅವನ ಆ್ಯಪಿನಲ್ಲಿ ಹದಿನೆಂಟು ಸೌಲಭ್ಯ ಇದ್ದವು. ಮರ್ಯಾದೆಯಿಂದ ಬಾಕಿ ನೆನಪಿಸುವ ಒಂದು ಸಂದೇಶ ಕಳಿಸಲು ಬರುತ್ತಿರಲಿಲ್ಲ.

ಅಭಿಪ್ರಾಯ ಕೇಳಿದರೆ ಸೌಜನ್ಯ ಸಿಗುತ್ತದೆ. ನಡೆದದ್ದನ್ನು ಕೇಳಿದರೆ ನಿಜ ಸಿಗುತ್ತದೆ. ಅಡ್ವಾನ್ಸ್ ಕೇಳಿದರೆ ಆ ನಿಜ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ಆತ್ಮವಿಶ್ವಾಸ ಎಷ್ಟಿರಬೇಕು?

ಶುರು ಮಾಡುವಷ್ಟು. ಅದಕ್ಕಿಂತ ಹೆಚ್ಚಿನದು ಸಾಮಾನ್ಯವಾಗಿ ಪುಕ್ಕಟೆ ಬಂದೇ ಬಂದಿರುತ್ತದೆ. 1988ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸುಮಾರು ಮೂರು ಸಾವಿರ ಅಮೆರಿಕನ್ ಉದ್ಯಮಿಗಳನ್ನು ಅವರ ಗೆಲುವಿನ ಸಾಧ್ಯತೆ ಕೇಳಿದರು. 81 ಪ್ರತಿಶತ ಜನ ಹತ್ತಕ್ಕೆ ಏಳು ಅಥವಾ ಹೆಚ್ಚು ಎಂದರು. ಮೂರನೇ ಒಂದು ಪಾಲು ಜನ ಹತ್ತಕ್ಕೆ ಹತ್ತು ಎಂದುಬಿಟ್ಟರು. ಅದೇ ದೇಶದ ಸರ್ಕಾರಿ ಅಂಕಿಅಂಶದ ಪ್ರಕಾರ ಹೊಸ ಉದ್ಯಮಗಳಲ್ಲಿ ಸುಮಾರು ಅರ್ಧದಷ್ಟು ಐದು ವರ್ಷದೊಳಗೆ ಬಾಗಿಲು ಹಾಕುತ್ತವೆ.

ಇದಕ್ಕೆ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರ ಒಂದು ಉಪಾಯ ನನಗೆ ಬಹಳ ಕೆಲಸಕ್ಕೆ ಬಂದಿದೆ. ಶುರು ಮಾಡುವ ಮೊದಲೇ, ಒಂದು ವರ್ಷ ಕಳೆದು ಉದ್ಯಮ ಮುಳುಗಿದೆ ಎಂದುಕೊಳ್ಳಿ. ಮುಳುಗಬಹುದು ಅಲ್ಲ, ಮುಳುಗಿಯೇ ಹೋಗಿದೆ. ಈಗ ಕಾರಣ ಬರೆಯಿರಿ. "ಏನು ತೊಂದರೆ ಬರಬಹುದು" ಎಂದು ಕೇಳಿದಾಗ ಬಾಯಿ ಬಿಡದವರು, "ಯಾಕೆ ಮುಳುಗಿತು" ಎಂದಾಗ ಪಟಪಟನೆ ಹೇಳುತ್ತಾರೆ.

ನನಗೆ ಲೆಕ್ಕ ಬರುವುದಿಲ್ಲ. ಅಕೌಂಟೆಂಟ್ ಇಟ್ಟುಕೊಂಡರೆ ಸಾಲದೇ?

ತೆರಿಗೆಗೆ ಸಾಕು. ಉಳಿಯುವುದಕ್ಕೆ ಸಾಲದು.

ಒಂದು ಆರ್ಡರ್ ಬಂತು ಎಂದುಕೊಳ್ಳಿ, ಬೆಲೆ 100. ಸಾಮಾನಿಗೆ 60, ಕೂಲಿಗೆ 20, ಲಾಭ 20. ಸಾಮಾನಿನ ದುಡ್ಡು ಇವತ್ತೇ ಕೊಡಬೇಕು, ಕೂಲಿ ತಿಂಗಳ ಕೊನೆಗೆ. ಗಿರಾಕಿ ಕೊಡುವುದು 90 ದಿನದ ಮೇಲೆ. ಅಷ್ಟರಲ್ಲಿ ಅವರಿಗೆ ನಿಮ್ಮ ಕೆಲಸ ಇಷ್ಟವಾಗಿ ಎರಡರಷ್ಟು ದೊಡ್ಡ ಆರ್ಡರ್ ಕೊಟ್ಟರು. ನೀವು ಸಿಹಿ ಹಂಚುತ್ತೀರಿ. ಈಗ ಕೈಯಿಂದ ಹೋದದ್ದು 80 ಮತ್ತು 160, ಒಟ್ಟು 240. ಬಂದದ್ದು ಸೊನ್ನೆ. ಪುಸ್ತಕದಲ್ಲಿ 60 ಲಾಭ ಹೊಳೆಯುತ್ತಿದೆ, ಕೂಲಿ ಕೊಡಲು ಗಲ್ಲಾದಲ್ಲಿ ದುಡ್ಡಿಲ್ಲ. ನನ್ನ ಮೊದಲ ಉದ್ಯಮ ನಷ್ಟದಲ್ಲಿ ಮುಳುಗಲಿಲ್ಲ. ಹೀಗೆ ಲಾಭದಲ್ಲಿ ಮುಳುಗಿತು. ಬಾಕಿ ಉಳಿಸಿಕೊಂಡ ಆ ದೊಡ್ಡ ಸಂಸ್ಥೆ ಕೊನೆಗೆ ಪೂರ್ತಿ ಕೊಟ್ಟಿತು, ಹನ್ನೊಂದು ತಿಂಗಳ ನಂತರ. ಅಷ್ಟೊತ್ತಿಗೆ ಶಟರ್ ಎಳೆದಾಗಿತ್ತು.

ಅದಕ್ಕೇ ಈಗ ಪ್ರತಿ ಸೋಮವಾರ ಬೆಳಿಗ್ಗೆ ಒಂದು ಹಾಳೆ ತೆಗೆದುಕೊಳ್ಳುತ್ತೇನೆ: ಇವತ್ತು ಎಷ್ಟಿದೆ, ಯಾವ ವಾರ ಎಷ್ಟು ಬರುತ್ತದೆ, ಯಾವ ವಾರ ಎಷ್ಟು ಹೋಗುತ್ತದೆ, ಹದಿಮೂರು ವಾರದ್ದು. ಕೂಡಿ ಕಳೆಯಲು ಬಂದರೆ ಸಾಕು. ಮನಸ್ಸಿನ ದಾರ್ಢ್ಯ ಅಂತ ಯಾರಾದರೂ ಕೇಳಿದರೆ ನಾನು ಈ ಹಾಳೆಯನ್ನೇ ತೋರಿಸುತ್ತೇನೆ. ಕೆಟ್ಟ ಸುದ್ದಿ ಇದೆ ಎಂದು ಗೊತ್ತಿರುವ ವಾರ ಅದನ್ನು ತೆಗೆದು ನೋಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ನಾನು ಸಂಕೋಚದ ಸ್ವಭಾವದವಳು. ಮಾತುಗಾರಿಕೆ ಇಲ್ಲದೆ ನಡೆಯುತ್ತದೆಯೇ?

ನಡೆಯುತ್ತದೆ. ಮೇಲಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಬಂದದ್ದು ಮಾತಲ್ಲ, ಬಾಯಿ ಮುಚ್ಚಿಕೊಂಡಿದ್ದದ್ದು. ಆದರೆ ದರ ಹೇಳುವಾಗ, ಬಾಕಿ ಕೇಳುವಾಗ ತಡವರಿಸಬಾರದು. ಆ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಿ. ದರ ಹೇಳಿದ ಮೇಲೆ ಸುಮ್ಮನಿರಿ. ಆ ಮೌನ ತಡೆಯಲಾರದೆ ನಾವೇ ರಿಯಾಯಿತಿ ಕೊಟ್ಟುಬಿಡುತ್ತೇವೆ.

ಪಾಲುದಾರರು ಬೇಕೇ?

ಹೊರೆ ಹಂಚಿಕೊಳ್ಳಲು ಒಬ್ಬರಿದ್ದರೆ ಒಳ್ಳೆಯದು. ಗೆಳೆತನ ಇದೆ ಎಂದು ಕಾಗದ ಮಾಡದೆ ಇರಬೇಡಿ. ಯಾರದು ಎಷ್ಟು ಪಾಲು, ಯಾರು ಯಾವ ಕೆಲಸ, ಒಬ್ಬರು ನಡುವೆ ಬಿಟ್ಟು ಹೋದರೆ ಅವರ ಪಾಲು ಏನಾಗುತ್ತದೆ ಎಂದು ಜಗಳ ಇಲ್ಲದಾಗ ಬರೆದಿಡಿ. "ನಮ್ಮ ನಡುವೆ ಇದೆಲ್ಲ ಯಾಕೆ" ಎನ್ನುವವರ ಜೊತೆ ನಾನಂತೂ ಸೇರುವುದಿಲ್ಲ.

ದೊಡ್ಡ ಉದ್ಯಮಿಗಳ ಜೀವನಕಥೆ ಓದಿದರೆ ಉಪಯೋಗವೇ?

ಓದಿ, ಉಪ್ಪು ಖಾರ ತೆಗೆದು ಓದಿ. ವಿಮಾನದಲ್ಲಿ ಪಾರ್ಸೆಲ್ ಸಾಗಿಸುವ ಫೆಡ್‌ಎಕ್ಸ್ ಕಂಪನಿ ಶುರುವಿನ ದಿನಗಳಲ್ಲಿ ಇಂಧನಕ್ಕೂ ದುಡ್ಡಿಲ್ಲದೆ ಕೂತಿದ್ದಾಗ, ಸಂಸ್ಥಾಪಕ ಫ್ರೆಡ್ ಸ್ಮಿತ್ ಕೈಯಲ್ಲಿ ಉಳಿದಿದ್ದ 5,000 ಡಾಲರ್ ತೆಗೆದುಕೊಂಡು ಲಾಸ್ ವೇಗಸ್‌ಗೆ ಹೋಗಿ, ಇಸ್ಪೀಟಿನಲ್ಲಿ ಅದನ್ನು 27,000 ಮಾಡಿಕೊಂಡು ಬಂದರು. ಇದನ್ನು ಛಲದ ಕಥೆಯಾಗಿ ಹೇಳುವುದನ್ನು ಕೇಳಿದ್ದೇನೆ. ಹಾಗೇ ಹೋಗಿ ಬರಿಗೈಯಲ್ಲಿ ಬಂದವರ ಕಥೆಯನ್ನು ಯಾರು ಬರೆದಾರು?

ಎರಡನೇ ಮಹಾಯುದ್ಧದ ಕಾಲದಲ್ಲಿ ಗಣಿತಜ್ಞ ಅಬ್ರಹಾಂ ವಾಲ್ಡ್ ಈ ತಪ್ಪನ್ನು ವಿಮಾನಗಳಲ್ಲಿ ಗುರುತಿಸಿದ್ದರು. ಗುಂಡೇಟು ತಿಂದು ವಾಪಸು ಬಂದ ವಿಮಾನಗಳ ಮೇಲೆ ತೂತುಗಳು ಎಲ್ಲಿವೆ ಎಂದು ನೋಡಿ, ಅಲ್ಲಿಗೆ ರಕ್ಷಾಕವಚ ಹಾಕೋಣ ಎನ್ನಿಸುವುದು ಸಹಜ. ವಾಲ್ಡ್ ತರ್ಕ ಉಲ್ಟಾ: ಅಲ್ಲಿ ಏಟು ತಿಂದವು ವಾಪಸು ಬಂದಿವೆ, ಬೇರೆ ಕಡೆ ತಿಂದವು ಬರಲೇ ಇಲ್ಲ. ಗೆದ್ದವರ ಕಥೆಗಳು ವಾಪಸು ಬಂದ ವಿಮಾನಗಳು. ಮುಚ್ಚಿದವರ ಜೊತೆ ಒಂದು ಸಂಜೆ ಕೂತು ಮಾತಾಡಿದರೆ ಹೆಚ್ಚು ಕಲಿಯುತ್ತೀರಿ. ಅವರು ಸಂಕೋಚಪಡುತ್ತಾರೆ, ಆದರೆ ಕೇಳಿದರೆ ಹೇಳುತ್ತಾರೆ.

ಸೋಲೇ ಗೆಲುವಿನ ಮೆಟ್ಟಿಲು ಅಲ್ಲವೇ?

ಗೋಡೆಯ ಮೇಲೆ ಬರೆಯಲು ಚೆನ್ನಾಗಿದೆ. ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್ ಮಾಡಲು 5,127 ಮಾದರಿಗಳನ್ನು ಕಟ್ಟಿದರು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಒಂದು ಸಲಕ್ಕೆ ಒಂದೇ ಒಂದನ್ನು ಬದಲಾಯಿಸಿ, ಏನಾಯಿತು ಎಂದು ನೋಡುತ್ತಿದ್ದರು ಎನ್ನುವುದನ್ನು ಬಿಟ್ಟುಬಿಡುತ್ತಾರೆ. ಹಾಗೆ ನೋಡದಿದ್ದರೆ ಅಷ್ಟೂ ಮಾದರಿ ಬರೀ ಗುಜರಿ. ಆ ವರ್ಷಗಳಲ್ಲಿ ಅವರ ಹೆಂಡತಿ ಚಿತ್ರಕಲೆ ಪಾಠ ಹೇಳಿ ಮನೆಗೆ ದುಡಿಯುತ್ತಿದ್ದರು ಎನ್ನುವುದೂ ಲೆಕ್ಕಕ್ಕೆ ಬರಬೇಕು.

ದಿನಕ್ಕೆ ಹದಿನಾರು ಗಂಟೆ ದುಡಿಯಲೇಬೇಕಾ?

ಕೆಲವು ವಾರ ಬೇಕಾಗುತ್ತದೆ. ವರ್ಷಗಟ್ಟಲೆ ಬೇಕಾದರೆ ಬೆಲೆ ಕಡಿಮೆ ಇಟ್ಟಿದ್ದೀರಿ ಅಥವಾ ಯಾರಿಗೂ ಕೆಲಸ ಬಿಟ್ಟುಕೊಡುತ್ತಿಲ್ಲ ಎಂದರ್ಥ. ನಿದ್ದೆಗೆಟ್ಟು ತೆಗೆದುಕೊಂಡ ನನ್ನ ನಿರ್ಧಾರಗಳಲ್ಲಿ ಒಂದೂ ನೆಟ್ಟಗಿರಲಿಲ್ಲ.

ಅದೃಷ್ಟದ ಪಾಲು ಎಷ್ಟು?

ಗೆದ್ದವರು ಒಪ್ಪುವುದಕ್ಕಿಂತ ಹೆಚ್ಚು, ಸೋತವರು ದೂರುವುದಕ್ಕಿಂತ ಕಡಿಮೆ.

ಹಿಡಿದದ್ದು ಛಲವೋ ಬರೀ ಹಟವೋ ಎಂದು ಹೇಗೆ ತಿಳಿಯುವುದು? ಯಾವಾಗ ನಿಲ್ಲಿಸಬೇಕು?

ಒಳಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ, ಕಷ್ಟ ಇರುವುದೇ ಅಲ್ಲಿ. 1985ರಲ್ಲಿ ಇಂಟೆಲ್ ಕಂಪನಿ ಮೆಮೊರಿ ಚಿಪ್ ವ್ಯವಹಾರದಲ್ಲಿ ಜಪಾನಿನ ಕಂಪನಿಗಳಿಂದ ಏಟು ತಿನ್ನುತ್ತಿತ್ತು. ಕಂಪನಿ ಹುಟ್ಟಿದ್ದೇ ಆ ಚಿಪ್‌ಗಳಿಂದ, ಬಿಡಲು ಮನಸ್ಸಿಲ್ಲ. ಕಂಪನಿ ನಡೆಸುತ್ತಿದ್ದ ಇಬ್ಬರಲ್ಲಿ ಒಬ್ಬರಾದ ಆಂಡಿ ಗ್ರೋವ್ ಒಂದು ದಿನ ಇನ್ನೊಬ್ಬರಾದ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮಿಬ್ಬರನ್ನು ತೆಗೆದುಹಾಕಿ ಹೊಸಬರನ್ನು ತಂದರೆ ಅವರು ಮೊದಲು ಏನು ಮಾಡುತ್ತಾರೆ? ಮೂರ್ ತಡಮಾಡದೆ, ಮೆಮೊರಿಯಿಂದ ಹೊರಬರುತ್ತಾರೆ ಎಂದರು. ಹಾಗಾದರೆ ಆ ಕೆಲಸವನ್ನು ನಾವೇ ಯಾಕೆ ಮಾಡಬಾರದು ಎಂದರು ಗ್ರೋವ್. ಮಾಡಿದರು, ಮೈಕ್ರೊಪ್ರೊಸೆಸರ್ ಕಡೆ ತಿರುಗಿದರು.

ಇಬ್ಬರಿದ್ದರೆ ಹೀಗೆ ಕೇಳಿಕೊಳ್ಳಬಹುದು. ಒಬ್ಬರೇ ಇದ್ದರೆ, ಇನ್ನೂ ತಲೆ ತಣ್ಣಗಿರುವ ಮೊದಲ ದಿನವೇ ಒಂದು ಚೀಟಿ ಬರೆಯಿರಿ: ಯಾವ ದಿನಾಂಕದವರೆಗೆ, ಎಷ್ಟು ದುಡ್ಡಿನವರೆಗೆ, ಅಷ್ಟರೊಳಗೆ ಏನು ಕಾಣಿಸಬೇಕು. ಬರೆದದ್ದನ್ನು ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ನಿಮ್ಮ ಮುಖ ನೋಡಿ ಕರಗದ ಯಾರಿಗಾದರೂ ಕೊಡಿ.

ನನ್ನ ಎರಡನೇ ಉದ್ಯಮದ ಚೀಟಿ ಅಕ್ಕನ ಬೀರುವಿನಲ್ಲಿದೆ. ಅದರಲ್ಲಿ ದಿನಾಂಕ ಎರಡು ಸಲ ಹೊಡೆದು ಹೊಸದಾಗಿ ಬರೆದಿದ್ದೇವೆ. ಎರಡು ಸಲವೂ ಅವಳು ಸೋಮವಾರದ ಹಾಳೆ ತರಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ಓದಿ, ಆಮೇಲೆ ಪಕ್ಕದಲ್ಲಿ ಸಹಿ ಹಾಕಿದಳು. ಮೂರನೇ ಸಲ ಹಾಕುವುದಿಲ್ಲ ಎಂದು ಆಗಲೇ ಹೇಳಿದ್ದಾಳೆ.